ಎರಡು ಭೇಟಿಗಳ ನಡುವಿನ ದಿನಗಳು

ಕೇಳುಗರಿಗೆ ನಮಸ್ಕಾರ. ವ್ಯವಸ್ಥಾಪಕರಿಗಾಗಿ ವೈಯಕ್ತಿಕ ಕಾರ್ಯಕ್ಷಮತೆಯ ತರಬೇತಿಯೊಂದನ್ನು ರೂಪಿಸುವುದು ಹೇಗೆ, ಅದರಲ್ಲಿ ಮಾರ್ಗದರ್ಶಕರ ಪಾಲು ಏನು ಎಂಬುದನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡುತ್ತೇನೆ. ಇಂಥ ತರಬೇತಿಗಳನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ನನಗೆ ಒಂದು ಸಂಗತಿ ಮನದಟ್ಟಾಗಿದೆ. ತರಬೇತಿಯ ಅಸಲು ಕೆಲಸವೆಲ್ಲ ಒಂದು ಭೇಟಿ ಮುಗಿದು ಇನ್ನೊಂದು ಭೇಟಿ ಬರುವವರೆಗಿನ ದಿನಗಳಲ್ಲಿ ನಡೆಯುತ್ತದೆ.

ನಾನು ಮೊದಲು ರೂಪಿಸಿದ್ದು ಎರಡು ದಿನಗಳ ಕಾರ್ಯಾಗಾರ. ಸಮಯ ನಿರ್ವಹಣೆ, ಆದ್ಯತೆ, ಕೆಲಸ ಹಂಚಿಕೆ, ಒತ್ತಡ, ಸಂವಹನ ಎಲ್ಲವೂ ಅದರಲ್ಲಿದ್ದವು. ಬಂದವರು ಮೆಚ್ಚಿ ಹೋದರು. ಮೂರು ತಿಂಗಳ ನಂತರ ಅವರನ್ನು ಮತ್ತೆ ಕಂಡು, ತಮ್ಮ ದಿನಚರಿಯಲ್ಲಿ ಬದಲಾದ ಒಂದು ಸಂಗತಿಯನ್ನು ಹೇಳಿ ಎಂದಾಗ ಹೆಚ್ಚಿನವರು ಸುಮ್ಮನಾದರು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದು ಇದಕ್ಕೆ ಹತ್ತಿರದ ಮಾತೇ: ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ಕೆಲವು ದಿನಗಳಲ್ಲಿ ಮರೆತುಹೋಗುತ್ತದೆ, ಒಂದೇ ಸಲ ಉರು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ಮರುಕಳಿಸಿದರೆ ಉಳಿಯುತ್ತದೆ. ಆದ್ದರಿಂದ ಈಗ ನಮ್ಮ ತರಬೇತಿ ಮೂರು ತಿಂಗಳು ನಡೆಯುತ್ತದೆ. ಎರಡು ವಾರಕ್ಕೊಮ್ಮೆ, ಒಂದೂವರೆ ಗಂಟೆಯಂತೆ, ಮಾರ್ಗದರ್ಶಕರೊಂದಿಗೆ ಆರು ಭೇಟಿಗಳು.

ಮೊದಲ ಭೇಟಿಯಲ್ಲಿ ಉಪನ್ಯಾಸವಿಲ್ಲ. ವ್ಯವಸ್ಥಾಪಕರ ಕೈಗೆ ಒಂದು ಹಾಳೆ ಕೊಡುತ್ತೇವೆ: ಅಡ್ಡಕ್ಕೆ ವಾರದ ದಿನಗಳು, ಕೆಳಗಿಳಿದಂತೆ ಅರ್ಧ ಅರ್ಧ ಗಂಟೆಯ ಮನೆಗಳು. ಆಯಾ ಅರ್ಧ ಗಂಟೆಯಲ್ಲಿ ಮಾಡಿದ್ದನ್ನು ಆಗಿಂದಾಗಲೇ ಬರೆಯಬೇಕು. ರಾತ್ರಿ ಕುಳಿತು ನೆನಪಿನಿಂದ ತುಂಬಿದರೆ, ಮಾಡಬೇಕೆಂದುಕೊಂಡದ್ದೇ ಮಾಡಿದ್ದಾಗಿ ಹಾಳೆಯ ಮೇಲೆ ಬಂದು ಕೂರುತ್ತದೆ. ಯಾರಾದರೂ ಬಂದು ಕೆಲಸಕ್ಕೆ ತಡೆಯೊಡ್ಡಿದರೆ ಅಂಚಿನಲ್ಲಿ ಒಂದು ಗೀಟು.

ಒಂಬತ್ತು ಜನರ ತಂಡವನ್ನು ನಡೆಸುತ್ತಿದ್ದ ಒಬ್ಬ ವ್ಯವಸ್ಥಾಪಕಿ, ತಮ್ಮ ವೇಳೆಯಲ್ಲಿ ಅರ್ಧದಷ್ಟು ಯೋಜನೆಗೇ ಹೋಗುತ್ತದೆ ಎಂದು ನಂಬಿದ್ದರು. ಎರಡನೆಯ ಭೇಟಿಗೆ ಅವರು ತಂದ ಹಾಳೆಯಲ್ಲಿ ಯೋಜನೆ ಎಂಬ ಪದ ಇಡೀ ವಾರಕ್ಕೆ ಎರಡೇ ಮನೆಗಳಲ್ಲಿತ್ತು. ಬುಧವಾರದ ಅಂಚಿನಲ್ಲಿ ನಲವತ್ತೊಂದು ಗೀಟುಗಳಿದ್ದವು. ಅವರು ಬೆರಳಿಟ್ಟು ಇನ್ನೊಮ್ಮೆ ಎಣಿಸಿದರು. ಅವರ ಮಾರ್ಗದರ್ಶಕರು ಬುದ್ಧಿಮಾತು ಹೇಳಲು ಹೋಗದೆ ಒಂದೇ ಪ್ರಶ್ನೆ ಕೇಳಿದರು: “ಇವುಗಳಲ್ಲಿ ನೀವೇ ಉತ್ತರಿಸಬೇಕಾಗಿದ್ದವು ಎಷ್ಟು?” ಬಹಳ ಹೊತ್ತು ಯೋಚಿಸಿ ಆಕೆ ಏಳನ್ನು ಗುರುತಿಸಿದರು. ಉಳಿದವುಗಳಿಗೆ ತಂಡದ ಇಬ್ಬರು ಹಿರಿಯರೇ ತೀರ್ಮಾನ ಕೊಡಬಹುದೆಂದು ಅವರಾಗಿಯೇ ಹೇಳಿದರು.

ಮೂರನೆಯ ಭೇಟಿಗೆ ಗೀಟುಗಳು ಕಡಿಮೆಯಾಗಿದ್ದವು, ಆದರೆ ಆಕೆಯ ಮುಖದಲ್ಲಿ ಸಮಾಧಾನವಿರಲಿಲ್ಲ. ಆ ಇಬ್ಬರಲ್ಲಿ ಒಬ್ಬರು ತಪ್ಪು ತೀರ್ಮಾನ ಮಾಡಿದ್ದರು. ಆಕೆ ಕೊಟ್ಟ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಕೆಲಸ ಹಂಚಿಕೆಯ ಮೇಲೆ ಎಷ್ಟು ಚೆನ್ನಾಗಿ ಉಪನ್ಯಾಸ ಕೊಟ್ಟಿದ್ದರೂ ಈ ಕ್ಷಣಕ್ಕೆ ಅದು ಒದಗುತ್ತಿರಲಿಲ್ಲ. ಯಾವ ಮಟ್ಟದವರೆಗೆ ಕೇಳದೆ ನಿರ್ಧರಿಸಬಹುದು, ಯಾವುದನ್ನು ನಿರ್ಧರಿಸಿದ ಮೇಲೆ ತಿಳಿಸಬೇಕು, ಯಾವುದನ್ನು ಮೊದಲೇ ಕೇಳಬೇಕು ಎಂಬುದನ್ನು ಆಕೆ ತಮ್ಮವರಿಗೆ ಹೇಳಿಯೇ ಇರಲಿಲ್ಲವೆಂಬುದು ಅಂದಿನ ಮಾತುಕತೆಯಲ್ಲಿ ಹೊರಬಿತ್ತು. ಆ ಭೇಟಿಯ ಮುಕ್ಕಾಲು ಪಾಲು ವೇಳೆ ಇದೊಂದಕ್ಕೇ ಹೋಯಿತು, ಹೋಗಬೇಕಾದದ್ದೂ ಸರಿಯೇ.

ಹಾಗಾಗಿ ಪಾಠಗಳಿಗಿಂತ ಮೊದಲು ಮಾರ್ಗದರ್ಶಕರನ್ನು ತಯಾರು ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಕ್ಲೂಗರ್ ಮತ್ತು ಡಿನೀಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ ಹಿಮ್ಮಾಹಿತಿಯ, ಅಂದರೆ ಮಾಡಿದ ಕೆಲಸ ಹೇಗಿದೆ ಎಂದು ಮಾಡಿದವರಿಗೇ ತಿಳಿಸುವುದರ, ಕುರಿತ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಅದರಿಂದ ಕೆಲಸದ ಗುಣಮಟ್ಟ ಕುಸಿದಿತ್ತು. ಗಮನವು ಕೆಲಸದಿಂದ ಸರಿದು ವ್ಯಕ್ತಿಯ ಮೇಲೆ ಹೋದಷ್ಟೂ ಹಿಮ್ಮಾಹಿತಿಯ ಫಲ ಕುಗ್ಗುತ್ತದೆ ಎಂಬುದು ಅವರ ವಾದ. ನಮ್ಮ ಮಾರ್ಗದರ್ಶಕರಿಗೆ ನಾವು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ಇದನ್ನೇ: ಬೆರಳು ಹಾಳೆಯ ಮೇಲಿರಲಿ. ಮಾರ್ಗದರ್ಶಕರು ನೇರ ಮೇಲಧಿಕಾರಿಯಾಗಿರಬಾರದು, ಮತ್ತು ಆ ಹಾಳೆ ಸಿಬ್ಬಂದಿ ವಿಭಾಗದ ಕಡತಕ್ಕೆ ಹೋಗಬಾರದು. ಹೋದರೆ ಮರುವಾರದಿಂದ ಯಾರೂ ನಿಜ ಬರೆಯುವುದಿಲ್ಲ.

ಪ್ರತಿ ಭೇಟಿಯೂ ಒಂದೇ ಒಂದು ನಿಶ್ಚಯದೊಂದಿಗೆ ಮುಗಿಯಬೇಕು. “ಇನ್ನು ಮೇಲೆ ಕೆಲಸ ಹಂಚುತ್ತೇನೆ” ಎಂಬ ಮಾತನ್ನು ನಾವು ಒಪ್ಪುವುದಿಲ್ಲ. “ಸೋಮವಾರದ ಮೀಟಿಂಗ್ ಮುಗಿದ ಕೂಡಲೇ ವಾರದ ವರದಿಯ ಹೊಣೆಯನ್ನು ಇಂಥವರಿಗೆ ವಹಿಸುತ್ತೇನೆ” ಎಂದು ಬರೆಸುತ್ತೇವೆ. ಹೀಗೆ ಯಾವಾಗ, ಎಲ್ಲಿ, ಏನು ಎಂದು ಮೊದಲೇ ಗೊತ್ತುಪಡಿಸಿಕೊಂಡ ಸಂಕಲ್ಪ ಈಡೇರುವ ಸಾಧ್ಯತೆ ಹೆಚ್ಚು ಎಂಬುದನ್ನು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ 1999ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಇಮೇಲ್, ಮೀಟಿಂಗ್‌ಗಳ ನಿರ್ವಹಣೆಯಂಥ ವಿಷಯಗಳಿಗೆ ಚಿಕ್ಕ ಟಿಪ್ಪಣಿಗಳು ಸಾಕು.

ಇನ್ನು ಮೌಲ್ಯಮಾಪನ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂಬ ನಾಲ್ಕು ನೆಲೆಗಳಲ್ಲಿ ಅಳೆಯುವ ಕ್ರಮವನ್ನು ಮುಂದಿಟ್ಟರು. ನನ್ನ ಮೊದಲ ಕಾರ್ಯಾಗಾರ ಮೊದಲ ನೆಲೆಯಲ್ಲೇ ನಿಂತಿತ್ತು. ಈಗ ಕೊನೆಯ ಭೇಟಿಯಾಗಿ ಮೂರು ತಿಂಗಳಾದ ಮೇಲೆ ಅದೇ ಹಾಳೆಯನ್ನು ಇನ್ನೊಂದು ವಾರ ತುಂಬಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇವೆ. ಆ ವ್ಯವಸ್ಥಾಪಕಿಯ ಎರಡನೆಯ ಹಾಳೆಯಲ್ಲಿ ಬುಧವಾರದ ಅಂಚಿನಲ್ಲಿ ಹನ್ನೆರಡು ಗೀಟುಗಳಿದ್ದವು. ಮಂಗಳವಾರ ಮತ್ತು ಗುರುವಾರದ ಬೆಳಗಿನ ಮನೆಗಳಲ್ಲಿ, ಅವರದೇ ಅಕ್ಷರದಲ್ಲಿ, ಯೋಜನೆ ಎಂದು ಬರೆದಿತ್ತು.

ನಮಸ್ಕಾರ.