ಮೂರು ಸಲ ಕೇಳಿ, ಆಮೇಲೆ ಮಾತಾಡೋಣ

ಎಲ್ಲರಿಗೂ ನಮಸ್ಕಾರ. ಆಲ್ಬಮ್ ಬಿಡುಗಡೆಯಾಗಿ ಅರ್ಧ ಗಂಟೆಗೇ ‘ಚೆನ್ನಾಗಿಲ್ಲ’ ಅಂತ ತೀರ್ಪು ಬಂದುಬಿಡುತ್ತದೆ. ಆಲ್ಬಮ್ ಇರುವುದೇ ಮುಕ್ಕಾಲು ಗಂಟೆ! ಕೊನೆಯ ಹಾಡುಗಳನ್ನು ಯಾರೂ ಕೇಳಿಯೇ ಇಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ನಾನೂ ಒಮ್ಮೆ ಹೀಗೇ ಮಾಡಿದ್ದೆ. ಹೊಸ ಕ್ಯಾಸೆಟ್ ತಂದೆ, ಒಂದು ಸಲ ಕೇಳಿದೆ, ಗೆಳೆಯನಿಗೆ ‘ದುಡ್ಡು ದಂಡ ಕಣೋ’ ಅಂದೆ. ಆ ಕ್ಯಾಸೆಟ್ ಕಾರಿನ ಪ್ಲೇಯರ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಏನು ಮಾಡಿದರೂ ಹೊರಗೆ ಬರಲಿಲ್ಲ. ಮೂರು ವಾರ ಹೋಗುತ್ತಾ ಬರುತ್ತಾ ಅದೊಂದೇ. ಮೊದಲ ವಾರ ಬರೀ ಸಿಟ್ಟು, ಯಾಕೆಂದರೆ ನಾನು ಕೇಳುತ್ತಿದ್ದದ್ದು ಈ ಆಲ್ಬಮ್ ಅಲ್ಲ, ಅದೇ ಗಾಯಕಿಯ ಹಳೆಯ ಆಲ್ಬಮ್ಮನ್ನು ಇದರಲ್ಲಿ ಹುಡುಕುತ್ತಿದ್ದೆ. ಎರಡನೇ ವಾರ ಒಂದು ಚರಣದ ಹಿಂದೆ ಬೇಸ್ ಗಿಟಾರ್ ತನ್ನದೇ ಬೇರೆ ದಾರಿಯಲ್ಲಿ ಇಳಿಯುತ್ತಿರುವುದು ಕಿವಿಗೆ ಬಿತ್ತು. ಆಮೇಲೆ ಕೊನೆಯ ಸಾಲಿಗೆ ಮುಂಚೆ ಆಕೆ ಎಳೆದುಕೊಳ್ಳುವ ಉಸಿರು. ಮೂರನೇ ವಾರ ಇನ್ನೂ ವಿಚಿತ್ರ: ಒಂದು ಹಾಡು ಮುಗಿದು ಮುಂದಿನದು ಶುರುವಾಗುವ ಮೊದಲಿನ ಆ ಎರಡು ಸೆಕೆಂಡಿನ ಮೌನದಲ್ಲಿ, ಮುಂದಿನ ಹಾಡಿನ ಮೊದಲ ಸ್ವರ ನನ್ನ ತಲೆಯೊಳಗೆ ತಾನೇ ಶುರುವಾಗಿಬಿಡುತ್ತಿತ್ತು. ನಿಮಗೂ ಆಗಿರುತ್ತದೆ, ಅಲ್ವಾ? ಶಫಲ್ ಮಾಡಿ, ಅಂದರೆ ಹಾಡುಗಳ ಕ್ರಮ ಕಲಸಿ, ಕೇಳುವವರಿಗೆ ಈ ಸುಖ ಸಿಗುವುದಿಲ್ಲ, ಅದನ್ನು ದಯವಿಟ್ಟು ಆಫ್ ಮಾಡಿ.

‘ಅದು ಬರೀ ಅಭ್ಯಾಸ’ ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕ ಇದೆ. 1968ರಲ್ಲಿ ರಾಬರ್ಟ್ ಝಯಾನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಅರ್ಥವೇ ಇಲ್ಲದ ಪದಗಳನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದೇ ಸಲ, ಕೆಲವನ್ನು 25 ಸಲ. ಜಾಸ್ತಿ ಸಲ ಕಂಡ ಪದಕ್ಕೆ ಒಳ್ಳೆಯ ಅರ್ಥವೇ ಇರಬೇಕು ಅಂತ ಜನ ಅಂದುಕೊಂಡರು. ಬರೀ ಪರಿಚಯಕ್ಕೇ ಇಷ್ಟು ಬಲ!

ಆದರೆ ಇನ್ನೊಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. 1995ರಲ್ಲಿ ಡಯಾನಾ ಡಾಯ್ಚ್ ಅನ್ನುವ ಮನಶ್ಶಾಸ್ತ್ರಜ್ಞೆ ಒಂದು ಸಿ.ಡಿ.ಗಾಗಿ ತಮ್ಮದೇ ಮಾತಿನ ಧ್ವನಿಮುದ್ರಣ ತಿದ್ದುತ್ತಿದ್ದರು. ನಾಲ್ಕು ಪದದ ಒಂದು ತುಣುಕು ಲೂಪ್‌ನಲ್ಲಿ ಓಡುತ್ತಲೇ ಇತ್ತು. ಕೇಳ್ತಾ ಕೇಳ್ತಾ ಆ ಮಾತು ಹಾಡಾಗಿಬಿಟ್ಟಿತು. ರೆಕಾರ್ಡಿಂಗ್‌ನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ! ಸ್ವರದ ಏರಿಳಿತ ಮೊದಲಿಂದಲೂ ಆ ಮಾತಿನಲ್ಲೇ ಇತ್ತು, ಅರ್ಥದ ಹಿಂದೆ ಓಡುವ ಕಿವಿಗೆ ಅದು ಕೇಳಿಸಿರಲಿಲ್ಲ, ಅಷ್ಟೇ. ನನ್ನ ಬೇಸ್ ಗಿಟಾರ್ ಕೂಡ ಹಾಗೇ. ಅದನ್ನು ಅಭ್ಯಾಸ ಹುಟ್ಟಿಸಲಿಲ್ಲ.

ಹಾಗಾದರೆ ಇಷ್ಟವಾಗಿದ್ದು ಆಲ್ಬಮ್ಮೋ, ಅಭ್ಯಾಸವೋ? ನಾನು ಮಾಡುವುದು ಇಷ್ಟು: ಒಂದು ತಿಂಗಳು ಅದನ್ನು ಮುಟ್ಟುವುದಿಲ್ಲ. ಆಮೇಲೆ ಹಾಕಿದಾಗ ಹೊಸದೇನಾದರೂ ಕೇಳಿಸಿದರೆ ಅದು ಆಲ್ಬಮ್ಮಿನದೇ. ಸುಮ್ನೆ ಹಾಯಾಗಿದ್ದರೆ, ಬರೀ ಪರಿಚಯ ಇರಬಹುದು. ಮೂರನೇ ಸಲಕ್ಕೂ ಬೇಜಾರಾದರೆ ಧೈರ್ಯವಾಗಿ ‘ಇಷ್ಟವಾಗಲಿಲ್ಲ’ ಅನ್ನಿ, ಆ ಮಾತಿಗೆ ಬೆಲೆ ಇದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಅತಿಯಾಗಿ ಕೇಳಿದರೆ ಹಾಡು ಹಳಸುವ ಬಗ್ಗೆ, ವಿಮರ್ಶಕರ ಗಡಿಬಿಡಿಯ ಬಗ್ಗೆ ಹೇಳಬೇಕಿತ್ತು, ಬಿಡುತ್ತೇನೆ. ಉಳಿದ ಆರು ನಿಮಿಷದಲ್ಲಿ ಒಂದು ಹಾಡು ಹಾಕುತ್ತೇನೆ. ಮೂರು ನಿಮಿಷದ್ದು, ಎರಡು ಸಲ. ಮೊದಲ ಸಲ ಮುಗಿದಾಗ ದಯವಿಟ್ಟು ಚಪ್ಪಾಳೆ ಬೇಡ.