ಸ್ಪೀಡ್ ಇದ್ರೂ ಗೇಮ್ ಯಾಕೆ ಲ್ಯಾಗ್ ಆಗುತ್ತೆ?

ಮಂಡ್ಯದಲ್ಲಿ ನಮ್ಮ ಬೀದಿ ಹುಡುಗರು ತಪ್ಪದೇ ಕೇಳೋ ಪ್ರಶ್ನೆ: "ಅಣ್ಣ, 100 ಎಂಬಿಪಿಎಸ್ ಪ್ಲಾನ್ ಹಾಕ್ಸಿದೀವಿ, ಆದ್ರೂ ರಾತ್ರಿ ಹೊತ್ತು ಗೇಮ್ ಲ್ಯಾಗ್ ಹೊಡೀತದೆ, ಯಾಕೆ?" ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಎಷ್ಟು ಡೇಟಾ ಸಾಗುತ್ತೆ ಅನ್ನೋ ಲೆಕ್ಕ. ನೀವು ಫೈರ್ ಬಟನ್ ಒತ್ತಿದ್ದು ಸರ್ವರ್‌ಗೆ ಮುಟ್ಟಿ ಉತ್ತರ ವಾಪಸ್ ಬರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದೇ ಲೇಟೆನ್ಸಿ. ಗೇಮ್‌ನಲ್ಲಿ ಪಿಂಗ್ ಅಂತ ತೋರ್ಸೋದು ಇದನ್ನೇ.

ಇದರಲ್ಲಿ ದೂರದ ಪಾಲು ಒಂದಿದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. 1,000 ಕಿ.ಮೀ. ಕೇಬಲ್ ಆಚೆ ಸರ್ವರ್ ಇದ್ರೆ ಹೋಗಿ ಬರೋಕೇ 10 ಮಿಲಿಸೆಕೆಂಡ್ ಬೇಕು. ಸಿಂಗಪುರ ಆದ್ರೆ 30ರ ಮೇಲೆ. ಎಷ್ಟು ದುಡ್ಡು ಕೊಟ್ರೂ ಇದು ಕಮ್ಮಿ ಆಗಲ್ಲ. ಮುಂಬೈ ಸರ್ವರ್ ಇದ್ರೆ ಅದನ್ನೇ ಆರಿಸ್ಕೊಳ್ಳಿ, ಅಷ್ಟೇ.

ಆದ್ರೆ ನಿಜವಾದ ಕಾಟ ಮನೆ ಒಳಗೇ ಇದೆ. ಸ್ಕ್ರೀನ್ ನೋಡಿ, ಪಿಂಗ್ ಓಡ್ತಾ ಇದೆ: 28, 29, 28. ಈಗ ಪಕ್ಕದ ಫೋನಲ್ಲಿ ಮದುವೆ ವಿಡಿಯೊ ಅಪ್‌ಲೋಡ್‌ಗೆ ಹಾಕ್ತೀನಿ. 90... 210... 330! ಕ್ರಷಿಂಗ್ ಸೀಸನ್‌ನಲ್ಲಿ ಮೈಶುಗರ್ ಗೇಟ್ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನೋಡಿದೀರಲ್ಲ? ಕೊನೇಲಿ ಬಂದವನ ಹತ್ರ ಒಂದೇ ಹೊರೆ ಇದ್ರೂ ಕಾಯ್ಲೇಬೇಕು. ರೂಟರ್ ಬಫರ್‌ನಲ್ಲಿ, ಅಂದ್ರೆ ಡೇಟಾ ಸಾಲಾಗಿ ಕಾಯೋ ಜಾಗದಲ್ಲಿ, ನಿಮ್ಮ ಗೇಮ್‌ನ ಪುಟಾಣಿ ಪ್ಯಾಕೆಟ್ (ಡೇಟಾ ತುಣುಕು) ಗತಿಯೂ ಅದೇ. ಇದನ್ನ ಬಫರ್‌ಬ್ಲೋಟ್ ಅಂತಾರೆ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್ ಓಡುವಾಗ) 300 ಮಿಲಿಸೆಕೆಂಡ್ ಅಂದ್ರೆ 18 ಫ್ರೇಮ್. ಗೋಡೆ ಮರೆಗೆ ಬಂದಮೇಲೂ ಏಟು ಬೀಳೋದು ಸುಮ್ನೆ ಅಲ್ಲ.

ಇದಕ್ಕೆ ಮದ್ದು ಇದೆ, ಅದು ಜನಕ್ಕೆ ಗೊತ್ತಿಲ್ವಲ್ಲ ಅನ್ನೋದೇ ನನ್ನ ಸಂಕಟ. 2012ರಲ್ಲಿ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನೋ ವಿಧಾನ ಪ್ರಕಟಿಸಿದ್ರು. ಸಾಲು ಎಷ್ಟು ಉದ್ದ ಇದೆ ಅಂತ ಅದು ನೋಡಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯ್ತು ಅಂತ ನೋಡುತ್ತೆ. ಕಾಯೋದು 5 ಮಿಲಿಸೆಕೆಂಡ್ ದಾಟಿ ಹಾಗೇ ಮುಂದುವರಿದ್ರೆ ಪ್ಯಾಕೆಟ್ ಬೀಳಿಸಿ, ಕಳಿಸೋ ಕಡೆಗೆ ನಿಧಾನ ಮಾಡು ಅಂತ ಸೂಚನೆ ಕೊಡುತ್ತೆ. ಅದೇ ಜಾಡಲ್ಲಿ ಬಂದಿದ್ದು ರೂಟರ್‌ನಲ್ಲಿರೋ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್, ಸಾಲು ನಿಭಾಯಿಸೋದು) ಸೆಟ್ಟಿಂಗ್. ಆನ್ ಮಾಡಿ, ಮಿತಿಯನ್ನ ನಿಮ್ಮ ಲೈನ್‌ನ ನಿಜವಾದ ಸ್ಪೀಡ್‌ಗಿಂತ ಸ್ವಲ್ಪ ಕೆಳಗೆ ಇಡಿ. ನೋಡಿ, ಅದೇ ವಿಡಿಯೊ ಇನ್ನೂ ಅಪ್‌ಲೋಡ್ ಆಗ್ತಿದೆ, ಪಿಂಗ್ 34.

ನಿಮ್ಮ ರೂಟರ್‌ನಲ್ಲಿ ಆ ಸೆಟ್ಟಿಂಗ್ ಇಲ್ವಾ? ಆಡೋ ಹೊತ್ತಲ್ಲಿ ಫೋಟೊ ಬ್ಯಾಕಪ್ ನಿಲ್ಲಿಸಿ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಮೊದಲು ಬ್ಯಾಕಪ್ ನಿಲ್ಲಿಸಿ ನೋಡಿ, ಅದಕ್ಕೆ ಒಂದು ರೂಪಾಯಿನೂ ಖರ್ಚಿಲ್ಲ.