ಮೊಬೈಲಿನ ಪ್ರಕಟಣೆ ಎಲ್ಲರಿಗೂ ತಲುಪಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಕರಾವಳಿಯಲ್ಲಿ ಮಳೆ ಜೋರಾಗಿ ಹಿಡಿದ ರಾತ್ರಿಗಳಲ್ಲಿ, ನಾಳೆ ಶಾಲೆ ಕಾಲೇಜುಗಳಿಗೆ ರಜೆ ಇದೆಯೇ ಎಂದು ಮಂಗಳೂರು, ಉಡುಪಿಯ ಮನೆಮನೆಗಳಲ್ಲಿ ವಾಟ್ಸಾಪ್ ನೋಡುತ್ತಾ ಕಾಯುತ್ತಾರೆ. ಪ್ರಕಟಣೆಯು ಹೆಚ್ಚಾಗಿ ಸಹಿ, ಮೊಹರು ಇರುವ ಪತ್ರದ ಫೋಟೊವಾಗಿ ಬರುತ್ತದೆ. ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಅದರ ಮೇಲೆ ಬೆರಳಿಟ್ಟರೆ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವು ಕಳುಹಿಸಿದವರ ಹೆಸರು, ‘ಫೋಟೊ’ ಎಂಬ ಮಾತು ಮತ್ತು ಬಂದ ಸಮಯವನ್ನು ಹೇಳಿ ಸುಮ್ಮನಾಗುತ್ತದೆ. ರಜೆ ಯಾವ ತಾಲೂಕಿಗೆ, ಪಿಯುಸಿವರೆಗೆ ಮಾತ್ರವೇ ಅಥವಾ ಪದವಿ ಕಾಲೇಜಿಗೂ ಉಂಟೇ ಎಂಬುದನ್ನು ಆಕೆ ಇನ್ನೊಬ್ಬರನ್ನು ಎಬ್ಬಿಸಿಯೇ ಕೇಳಬೇಕು.

ಚಿತ್ರವಾಗಿಯೇ ಕಳುಹಿಸುವುದಕ್ಕೆ ಕಾರಣಗಳಿವೆ. ನಕಲಿ ಸಂದೇಶಗಳ ಕಾಟದಿಂದಾಗಿ ಜನ ಮೊಹರು ಕಂಡರೆ ಮಾತ್ರ ನಂಬುತ್ತಾರೆ. ‘ನುಡಿ’, ‘ಬರಹ’ ಎಂಬ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು, ಎಲ್ಲ ಸಾಧನಗಳೂ ಒಂದೇ ರೀತಿ ಗುರುತಿಸುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಇಲ್ಲದ ಕಾರಣ, ಮೊಬೈಲಿಗೆ ಬರುವಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಿಡುತ್ತದೆ. ಆದ್ದರಿಂದ ಫೋಟೊ ತೆಗೆದು ಹಾಕುವುದು ಸುಲಭವೆನಿಸುತ್ತದೆ. ಈಗಿನ ಕೆಲವು ತಂತ್ರಾಂಶಗಳು ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಲು ಪ್ರಯತ್ನಿಸುತ್ತವೆಯಾದರೂ, ಓರೆಯಾಗಿ ತೆಗೆದ, ಮೊಹರಿನ ಶಾಯಿ ಹರಡಿದ ಕನ್ನಡ ಪತ್ರದ ಮಟ್ಟಿಗೆ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಪತ್ರದ ಚಿತ್ರ ಇರಲಿ. ಅದರ ಕೆಳಗೆ ಅದೇ ವಿಷಯವನ್ನು ಯುನಿಕೋಡಿನಲ್ಲಿ ಎರಡು ಸಾಲು ಬರೆದರೆ ಸಾಕು. ಜಾತ್ರೆಯ ಆಮಂತ್ರಣಕ್ಕೂ, ರಕ್ತದಾನ ಶಿಬಿರದ ಕರೆಗೂ ಇದೇ ಮಾತು ಅನ್ವಯಿಸುತ್ತದೆ.

ಇದನ್ನು ಉಪಕಾರವೆಂದು ಭಾವಿಸಬಾರದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಮಾಧ್ಯಮಗಳ ವಿಷಯವು ಇವರೂ ಬಳಸಬಲ್ಲ ರೂಪದಲ್ಲಿರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಡಿಜಿಟಲ್ ಸೌಲಭ್ಯಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರ ಹಾಕುವಾಗ ಅದರಲ್ಲಿ ಏನಿದೆಯೆಂದು ಬರೆಯಲು ‘ಆಲ್ಟ್ ಟೆಕ್ಸ್ಟ್’ ಎಂಬ ಪರ್ಯಾಯ ಪಠ್ಯಕ್ಕೆ ಜಾಗವಿದೆ; ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ವೇಷಭೂಷಣವಿಲ್ಲದೆ, ಬರಿಯ ಮಾತಿನಿಂದಲೇ ಕುರುಕ್ಷೇತ್ರವನ್ನು ಕಣ್ಣಿಗೆ ಕಟ್ಟಿಸುವ ತಾಳಮದ್ದಳೆಯ ನಾಡಿನವರಿಗೆ ಅಲ್ಲಿ ಏನು ಬರೆಯಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ‘ಯಕ್ಷಗಾನದ ಫೋಟೊ’ ಎಂದು ಬರೆದರೆ ಸಾಲದು. ‘ಮುಖಕ್ಕೆ ಚುಟ್ಟಿ ಇಟ್ಟ ಬಣ್ಣದ ವೇಷ, ಇಬ್ಬರು ಹಿಡಿದ ತೆರೆಯ ಮೇಲಿಂದ ಇಣುಕುತ್ತಿದೆ’ ಎಂದು ಬರೆದರೆ ಕಾಣದವರಿಗೂ ಆ ಕ್ಷಣ ದಕ್ಕುತ್ತದೆ. ಸಾಲುಗಟ್ಟಿ ಹೂವಿನ, ಕೈಮುಗಿಯುವ ಇಮೋಜಿಗಳನ್ನು ಹಾಕುವುದನ್ನೂ ಕಡಿಮೆ ಮಾಡಬೇಕು. ತಂತ್ರಾಂಶವು ಅವುಗಳ ಹೆಸರನ್ನೂ ಓದುತ್ತಾ ಹೋಗುವುದರಿಂದ ವಿಷಯ ನಡುವೆ ಕಳೆದುಹೋಗುತ್ತದೆ.

ಕಿವಿ ಕೇಳಿಸದವರಿಗೆ ವಿಡಿಯೊದ ಮಾತು ಅಕ್ಷರವಾಗಿ ಬೇಕು. ಯಂತ್ರ ತಾನಾಗಿ ಮೂಡಿಸುವ ಸಬ್‌ಟೈಟಲ್ಲನ್ನು, ಅದರಲ್ಲೂ ಕುಂದಾಪುರ ಕನ್ನಡವೋ ತುಳು ಬೆರೆತ ಮಾತೋ ಇದ್ದಾಗ, ತಿದ್ದದೆ ಬಿಡಬಾರದು. ಕಡಲು ಪ್ರಕ್ಷುಬ್ಧವಾಗಿದೆ, ಮೀನುಗಾರಿಕೆಗೆ ಇಳಿಯಬೇಡಿ ಎಂಬ ಎಚ್ಚರಿಕೆಯಲ್ಲಿ ಒಂದು ‘ಬೇಡಿ’ ತಪ್ಪಿದರೂ ಜೀವಕ್ಕೆ ಅಪಾಯ.

ನೀವು ಕಳುಹಿಸುವುದು ಹೇಗೆ ಕೇಳಿಸುತ್ತದೆಂದು ನೀವೇ ಪರೀಕ್ಷಿಸಬಹುದು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಆಕ್ಸೆಸಿಬಿಲಿಟಿ ವಿಭಾಗದೊಳಗೆ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇರುತ್ತದೆ. ಅದನ್ನು ಆನ್ ಮಾಡಿದ ಮೇಲೆ ಒಮ್ಮೆ ಮುಟ್ಟಿದರೆ ಅದು ಓದುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ. ಆಫ್ ಮಾಡುವಾಗಲೂ ಹಾಗೆಯೇ ಎರಡು ಬಾರಿ ತಟ್ಟಬೇಕೆಂಬುದನ್ನು ನೆನಪಿಡಿ. ಇಂದು ನೀವು ಗುಂಪಿಗೆ ಹಾಕಿದ ಕೊನೆಯ ಪ್ರಕಟಣೆಯ ಮೇಲೆ ಬೆರಳಿಟ್ಟು ಕೇಳಿ. ನಮಸ್ಕಾರ.